ಕುರಿ ಕಾಯುವ ನಾಯಿ ಬೇರೆ, ಕುರಿ ಅಟ್ಟುವ ನಾಯಿ ಬೇರೆ

ಪ್ರಶ್ನೆ: ನಮ್ಮ ಊರು ರಾವೂರ. ಐದು ಎಕರೆ ಎರೆ ಹೊಲ, ಅರವತ್ತು ಕುರಿ, ಹತ್ತು ಹನ್ನೆರಡು ಆಡು ಇವೆ. ಕಾಯಲು ನಾನು, ನಮ್ಮಪ್ಪ ಇಬ್ಬರೇ. ಹೊರದೇಶದ ನಾಯಿಯೊಂದು ಬರೀ ಸಿಳ್ಳೆಯ ಮೇಲೆ ನೂರಾರು ಕುರಿಗಳನ್ನು ಒಟ್ಟುಗೂಡಿಸಿ ದಡ್ಡಿಗೆ ಸೇರಿಸುವುದನ್ನು ಮೊಬೈಲಿನಲ್ಲಿ ನೋಡಿದೆ. ನಮ್ಮ ನಾಯಿಗೂ ಹಾಗೆ ಕಲಿಸಬಹುದೇ? ಅದಕ್ಕೆ ಮುಧೋಳ ನಾಯಿಯೇ ಬೇಕು ಎನ್ನುತ್ತಾರೆ, ನಿಜವೇ? ಮನೆಯಲ್ಲಿ ಎರಡು ವರ್ಷದ ನಾಯಿ ಇದೆ, ಕುರಿ ಕಂಡರೆ ಬೆನ್ನಟ್ಟುತ್ತದೆ. ಅದನ್ನೇ ತಿದ್ದಿಕೊಳ್ಳಬಹುದೇ?
– ಓದುಗರೊಬ್ಬರು, ರಾವೂರ, ಚಿತ್ತಾಪುರ ತಾಲ್ಲೂಕು

ಉತ್ತರ: ಕುರಿ ಸಾಕುವವರು ಮೇವಿನ ಬಗ್ಗೆ, ರೋಗದ ಬಗ್ಗೆ, ಸಂತೆಯ ಬೆಲೆಯ ಬಗ್ಗೆ ಕೇಳುತ್ತಾರೆ. ಹಟ್ಟಿಯ ಬಾಗಿಲಲ್ಲಿ ಮಲಗುವ ನಾಯಿಯ ಬಗ್ಗೆ ಕೇಳುವವರು ಅಪರೂಪ. ನೀವು ಕೇಳಿದ್ದರಲ್ಲಿ ಮೂರು ಸಂದೇಹಗಳು ಒಂದರೊಳಗೊಂದು ಸೇರಿಕೊಂಡಿವೆ. ಅವನ್ನು ಬಿಡಿಸಿ ಇಟ್ಟುಕೊಂಡರೆ ಉತ್ತರ ಅರ್ಧ ಸಿಕ್ಕಂತೆ.

ಗೊಂದಲಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣ. ‘ಕುರಿ ಕಾಯುವುದು’ ಎಂದಾಗ ನಾವು ಎರಡು ಕೆಲಸಗಳನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಕುರಿಗಳನ್ನು ಮೇಯಿಸಿ, ತಿರುಗಿಸಿ, ಸಂಜೆ ಮನೆಗೆ ಹೊಡೆದುಕೊಂಡು ಬರುವುದೂ ಕಾಯುವುದೇ. ತೋಳ, ನರಿ, ಕಳ್ಳರು ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದೂ ಕಾಯುವುದೇ. ಮನುಷ್ಯ ಎರಡನ್ನೂ ಮಾಡಬಲ್ಲ. ನಾಯಿಗಳಲ್ಲಿ ಮಾತ್ರ ಈ ಎರಡು ಕೆಲಸಗಳಿಗೆ ಬೇರೆ ಬೇರೆ ವಂಶಗಳೇ ಇವೆ. ಒಂದಕ್ಕೆ ಬೇಕಾದ ಗುಣ ಇನ್ನೊಂದರ ಕೆಲಸ ಕೆಡಿಸುತ್ತದೆ. ಆದ್ದರಿಂದ ಇಲ್ಲಿ ಮೊದಲನೆಯದನ್ನು ‘ಅಟ್ಟುವ ನಾಯಿ’ ಎಂದೂ ಎರಡನೆಯದನ್ನು ‘ಕಾಯುವ ನಾಯಿ’ ಎಂದೂ ಕರೆಯೋಣ.

ನೀವು ಮೊಬೈಲಿನಲ್ಲಿ ನೋಡಿದ್ದು ಅಟ್ಟುವ ನಾಯಿ. ಬಹುಮಟ್ಟಿಗೆ ಅದು ಬಾರ್ಡರ್ ಕಾಲಿ ಆಗಿರಬೇಕು. ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡಿನ ಗಡಿಯ ಗುಡ್ಡಗಾಡಿನಲ್ಲಿ ಬೆಳೆದ ತಳಿಯಾದ್ದರಿಂದ ಆ ಹೆಸರು. 1893ರಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ಒಂದು ನಾಯಿಯನ್ನು ಈಗಿನ ಬಾರ್ಡರ್ ಕಾಲಿಗಳ ಮೂಲಪುರುಷನೆಂದು ಎಣಿಸುತ್ತಾರೆ. ಈ ನಾಯಿ ಮಾಡುವ ಕೆಲಸದ ಒಳಗುಟ್ಟು ಏನೆಂದರೆ, ಅದು ಅರ್ಧಕ್ಕೆ ನಿಲ್ಲಿಸಿದ ಬೇಟೆ. ತೋಳ ಬೇಟೆಯಾಡುವಾಗ ಕ್ರಮವಾಗಿ ದಿಟ್ಟಿಸುತ್ತದೆ, ಹೊಂಚಿ ಮುಂದೆ ಸರಿಯುತ್ತದೆ, ಬೆನ್ನಟ್ಟುತ್ತದೆ, ಬಾಯಿ ಹಾಕುತ್ತದೆ, ಕೊಲ್ಲುತ್ತದೆ. ಕಾಲಿ ನಾಯಿಯಲ್ಲಿ ಮೊದಲ ಮೂರು ಹೆಜ್ಜೆಗಳನ್ನು ತಲೆತಲಾಂತರದ ಆಯ್ಕೆಯಿಂದ ಹರಿತ ಮಾಡಿ, ಕೊನೆಯ ಎರಡನ್ನು ಮೊಂಡು ಮಾಡಿದ್ದಾರೆ. ಅದು ತಲೆ ತಗ್ಗಿಸಿ, ಕಣ್ಣು ಕೀಲಿಸಿ, ಹೊಟ್ಟೆ ನೆಲಕ್ಕೆ ತಾಗುವಂತೆ ಬರುವುದನ್ನು ನೀವು ಗಮನಿಸಿರಬಹುದು. ಕುರಿಯ ಕಣ್ಣಿಗೆ ಅದು ತೋಳವೇ. ಅದಕ್ಕೇ ಕುರಿಗಳು ಗುಂಪಾಗಿ, ಅದು ಇರುವ ದಿಕ್ಕಿಗೆ ವಿರುದ್ಧವಾಗಿ ಸರಿಯುತ್ತವೆ. ಕುರಿಗಾರ ಹಿಂಡಿನ ಒಂದು ಪಕ್ಕ ನಿಂತರೆ ನಾಯಿ ತಾನಾಗಿಯೇ ಸರಿಯಾಗಿ ಎದುರು ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಆಗ ಕುರಿಗಳು ಕುರಿಗಾರನ ಕಡೆಗೇ ಬರಬೇಕು. ಸಿಳ್ಳೆಯಿಂದ ಕಲಿಸುವುದು ಎಡಕ್ಕೆ ಸುತ್ತು, ಬಲಕ್ಕೆ ಸುತ್ತು, ನಡೆ, ಮಲಗು ಇಷ್ಟನ್ನು. ಸುತ್ತುವ ಚಪಲ ಹುಟ್ಟಿನಿಂದಲೇ ಬಂದಿರುತ್ತದೆ. ಅದಿಲ್ಲದ ನಾಯಿಯಲ್ಲಿ ಅದನ್ನು ತುಂಬಲು ಯಾವ ತರಬೇತಿಯಿಂದಲೂ ಆಗದು.

ಕಾಯುವ ನಾಯಿಯ ಸ್ವಭಾವ ಇದಕ್ಕೆ ತಿರುವುಮುರುವು. ಅದರಲ್ಲಿ ಬೇಟೆಯ ಆ ಐದೂ ಹೆಜ್ಜೆಗಳು ಮಲಗಿರಬೇಕು. ಕುರಿಯನ್ನು ದಿಟ್ಟಿಸಿ ನೋಡಬಾರದು, ಹೊಂಚಬಾರದು, ಓಡಿಸಬಾರದು. ಹಿಂಡಿನ ನಡುವೆ ಇನ್ನೊಂದು ಕುರಿಯಂತೆ ಇದ್ದು, ಹೊರಗಿನಿಂದ ಅಪರಿಚಿತವಾದದ್ದು ಬಂದಾಗ ಮಾತ್ರ ಎದ್ದು ಬೊಗಳಬೇಕು. ಹಿಮಾಲಯದ ತಪ್ಪಲಿನ ಗದ್ದಿ ಕುರಿಗಾರರ ದೊಡ್ಡ ನಾಯಿಗಳು ಈ ಜಾತಿಯವು. ನಮ್ಮ ಕಡೆ ಕುರುಬರ ಹಟ್ಟಿಯಲ್ಲಿ ಇರುವ, ಯಾವ ತಳಿಯ ಹೆಸರೂ ಇಲ್ಲದ ನಾಯಿಗಳೂ ಇಂಥವೇ. ಅವಕ್ಕೆ ಪಟ್ಟ ಪದಕ ಇಲ್ಲ. ಆದರೆ ಈ ನೆಲದ ಬಿಸಿಲು, ಈ ನೆಲದ ತೋಳ, ಈ ನೆಲದ ಕುರಿ ಮೂರನ್ನೂ ಅರಿತವು ಅವು. ನನ್ನ ಲೆಕ್ಕದಲ್ಲಿ ಅವುಗಳಿಗೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಈಗ ಮುಧೋಳದ ವಿಷಯ. ನಿಮಗೆ ಹೇಳಿದವರು ಪ್ರೀತಿಯಿಂದಲೇ ಹೇಳಿರುತ್ತಾರೆ, ಆದರೆ ಅದು ಮೂರನೆಯ ಬಗೆಯ ನಾಯಿ. ಮುಧೋಳ ನಾಯಿ ಕಣ್ಣಿನಿಂದ ಗುರಿ ಹಿಡಿದು ಓಡಿ ಹಿಡಿಯುವ ಬೇಟೆನಾಯಿ. ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು ಎಲ್ಲವೂ ಮೊಲದ ಹಿಂದೆ ಓಡಲೆಂದೇ ಆದವು. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿ, ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಈಗ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಸೇನೆಯೂ ಈ ನಾಯಿಗಳನ್ನು ತೆಗೆದುಕೊಂಡು ತರಬೇತಿ ಕೊಟ್ಟಿದೆ. ಇಷ್ಟೆಲ್ಲ ಹೆಗ್ಗಳಿಕೆ ನಿಜ. ಆದರೆ ಓಡುವುದನ್ನು ಕಂಡರೆ ಹಿಡಿಯಬೇಕೆನ್ನುವುದೇ ಅದರ ರಕ್ತಗುಣ. ಹೆದರಿ ಓಡುವ ಕುರಿಮರಿಯ ಹತ್ತಿರ ಅಂಥ ನಾಯಿಯನ್ನು ಬಿಡುವುದು ಸರಿಯಲ್ಲ.

ನಮ್ಮ ನಾಡಿನಲ್ಲಿ ಬೇಟೆನಾಯಿಯ ಮೇಲಿನ ಅಭಿಮಾನ ಹಳೆಯದು ಎಂಬುದಕ್ಕೆ ಒಂದು ಸಾಕ್ಷಿ ಇದೆ, ಅದರ ನಂಟು ನಿಮ್ಮ ಪಕ್ಕದ ಸೇಡಂ ತಾಲ್ಲೂಕಿಗೇ ಬರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನ ‘ಕಾಳಿ’ ಎಂಬ ನಾಯಿಯ ನೆನಪಿಗೆ ನೆಟ್ಟದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ತನ್ನ ಒಡೆಯ ಗಂಗರ ಬೂತುಗನಿಂದ ಬಹುಮಾನವಾಗಿ ಬೇಡಿದ್ದು ಈ ನಾಯಿಯನ್ನು. ಆಮೇಲೆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಹಂದಿಯೂ ನಾಯಿಯೂ ಎರಡೂ ಸತ್ತವು. ಆ ಯುದ್ಧ ನಡೆದದ್ದು ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದಲ್ಲಿ. ಅವನ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಇಂದಿನ ಮಳಖೇಡ. ಬೇಟೆನಾಯಿಗೆ ಕಲ್ಲು ನೆಟ್ಟರು, ಅದರ ಹೆಸರು ಸಾವಿರ ವರ್ಷ ಉಳಿಯಿತು. ಹಟ್ಟಿಯ ನಾಯಿಗೆ ಅಂಥ ಕಲ್ಲು ಇದ್ದದ್ದು ನಾನು ಕಂಡಿಲ್ಲ.

ನಿಮಗೆ ಬೇಕಾದದ್ದು ಯಾವುದು ಎಂಬುದನ್ನು ನಿಮ್ಮ ಹೊಲವೇ ಹೇಳುತ್ತದೆ. ಅಟ್ಟುವ ನಾಯಿಗೆ ಬೇಕಾದದ್ದು ವಿಶಾಲವಾದ ಬಯಲು, ಗುಡ್ಡದ ಹುಲ್ಲುಗಾವಲು. ರಾವೂರಿನ ಸುತ್ತ ಹಾಗಿಲ್ಲ. ಒಂದು ಕಡೆ ಎದೆಯುದ್ದದ ತೊಗರಿ, ಇನ್ನೊಂದು ಕಡೆ ಹಿಂಗಾರಿ ಜೋಳ, ನಡುವೆ ಬದುವಿನ ಮೇಲೆ ನಿಮ್ಮ ಕುರಿ ಸಾಲಾಗಿ ಹೋಗಬೇಕು. ಮುಂದೆ ಹೋದರೆ ಕಲ್ಲಿನ ಗಣಿಯ ಹೊಂಡ, ವಾಡಿ ಕಡೆಗೆ ರೈಲು ಹಳಿ. ಅಲ್ಲಿ ನಾಯಿ ಹಿಂದಿನಿಂದ ಒಮ್ಮೆ ನುಗ್ಗಿದರೆ ಹಿಂಡು ಒಡೆದು ಪಕ್ಕದವರ ತೊಗರಿಯೊಳಗೆ ಹೋಗುತ್ತದೆ, ಸಂಜೆ ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ. ಆಡುಗಳು ಇನ್ನೂ ಕಷ್ಟ. ಅವು ಕುರಿಯಂತೆ ಒತ್ತಾಗಿ ಕೂಡುವುದಿಲ್ಲ, ತಿರುಗಿ ನಾಯಿಗೆ ಎದುರು ನಿಲ್ಲುತ್ತವೆ. ಮೇಲಾಗಿ ಗಡಿನಾಡಿನ ಮಂಜಿಗೆ ಹೊಂದಿದ ದಪ್ಪ ಕೂದಲಿನ ಕಾಲಿ ನಾಯಿ 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ದಿನವಿಡೀ ಓಡಿದರೆ ಅದರ ಜೀವಕ್ಕೇ ಅಪಾಯ.

ಅದಕ್ಕೇ ದಖ್ಖನ್ನಿನ ಕುರಿಗಾರರು ಬೇರೆ ದಾರಿ ಹಿಡಿದರು. ಇಲ್ಲಿ ಕುರಿಗಾರ ಮುಂದೆ, ಹಿಂಡು ಹಿಂದೆ. ಕೊರಳಲ್ಲಿ ಗಂಟೆ ಕಟ್ಟಿದ ಹೋತವೋ ಹಳೆಯ ಕುರಿಯೋ ಅವನ ದನಿಗೆ ಹೆಜ್ಜೆ ಹಾಕುತ್ತದೆ, ಉಳಿದವು ಅದನ್ನು ಹಿಂಬಾಲಿಸುತ್ತವೆ. ಅಂದರೆ ನಾಯಿಗೆ ಕಲಿಸಬೇಕೆಂದು ನೀವು ಅಂದುಕೊಂಡ ಅರ್ಧ ಕೆಲಸವನ್ನು ಕುರಿಗೇ ಕಲಿಸಬಹುದು. ದಿನವೂ ಸಂಜೆ ಒಂದೇ ಕೂಗು ಹಾಕಿ, ದಡ್ಡಿಯೊಳಗೆ ಮುಂದಾಳು ಕುರಿಗೆ ಒಂದು ಹಿಡಿ ತೊಗರಿ ಹೊಟ್ಟು ಕೊಡಿ. ಕೆಲವೇ ವಾರಗಳಲ್ಲಿ ಆ ಕೂಗಿಗೆ ಹಿಂಡು ತಲೆ ಎತ್ತುತ್ತದೆ.

ಕಾಯುವ ನಾಯಿ ಹೇಗಿರುತ್ತದೆ ಎಂದು ನನಗೆ ತಿಳಿದದ್ದು ಒಂದು ರಾತ್ರಿ. ತೊಗರಿ ರಾಶಿ ಮುಗಿದಿತ್ತು, ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರಬಿದ್ದರು. ಆಗತಾನೇ ಈದ ಒಂದು ಕುರಿಯ ಹತ್ತಿರ ಕಪ್ಪು ಕಿವಿಯ ಹೆಣ್ಣುನಾಯಿ ಹೋಯಿತು. ಕುರಿ ಮುಂಗಾಲಿನಿಂದ ನೆಲ ಒದ್ದು ಎಚ್ಚರಿಸಿತು. ನಾಯಿ ತಕ್ಷಣ ಮುಖ ಆಚೆ ತಿರುಗಿಸಿ, ಬೇರೆಲ್ಲೋ ನೋಡುತ್ತ, ನಾಲ್ಕು ಮಾರು ದೂರದಲ್ಲಿ ಮಲಗಿತು. ಅದರ ಬೆನ್ನಿಗೆ ಒರಗಿ ಎರಡು ಬಲಿತ ಮರಿಗಳು ಮಲಗಿದವು. ನಡುರಾತ್ರಿ ಅದು ಎದ್ದು ಗಾಳಿ ಬರುವ ಕಡೆ ಮೂಗು ಎತ್ತಿ ಬೊಗಳಿತು, ಹಿಂಡಿನ ಸುತ್ತ ಕಟ್ಟಿದ್ದ ಬಲೆಯ ಆಚೆ ಇಪ್ಪತ್ತು ಹೆಜ್ಜೆ ಹೋಗಿ ನಿಂತಿತು, ಮತ್ತೆ ಬಂದು ಅದೇ ಜಾಗದಲ್ಲಿ ಮಲಗಿತು. ಕುರಿಗಾರ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಲೂ ಇಲ್ಲ. ‘ಅದು ಕುರಿ ಬಿಟ್ಟು ದೂರ ಹೋದ್ರ ನಾವು ಏಳ್ತೀವಿ’ ಎಂದ. ಮುಖ ತಿರುಗಿಸಿದ್ದು, ದೂರ ಹೋಗದೆ ಮರಳಿದ್ದು, ಈ ಎರಡೇ ಗುಣಗಳನ್ನು ನೀವು ಮರಿಯಲ್ಲಿ ಬೆಳೆಸಬೇಕು.

ಬೆಳೆಸುವುದು ಹೇಗೆ? ಮೊದಲು ಮರಿಯ ಆಯ್ಕೆ. ಹಟ್ಟಿಯಲ್ಲೇ ಹುಟ್ಟಿದ, ತಾಯಿ ಕುರಿಗಳ ಜೊತೆ ಇರುವ ಕುನ್ನಿಯನ್ನೇ ಹುಡುಕಿ. ಅಮೆರಿಕದ ರೇಮಂಡ್ ಕಾಪಿಂಜರ್ ಎಂಬ ವಿಜ್ಞಾನಿ 1970ರ ದಶಕದ ಕೊನೆಯಿಂದ ಕಾಯುವ ನಾಯಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ಒಂದು ಮಾತನ್ನು ಖಚಿತಪಡಿಸಿದರು. ಮರಿ ಹುಟ್ಟಿದ 3ನೇ ವಾರದಿಂದ ಸುಮಾರು 16ನೇ ವಾರದವರೆಗೆ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ, ಆ ಬಾಗಿಲು ಆಮೇಲೆ ಮುಚ್ಚಿಕೊಳ್ಳುತ್ತದೆ. ಆ ಹೆಸರು ಕೇಳದ ನಮ್ಮ ಕುರುಬರು ಕಣ್ಣು ಬಿಟ್ಟ ಕುನ್ನಿಯನ್ನು ಕುರಿಮರಿಗಳ ಜೊತೆಯಲ್ಲೇ ಬೆಳೆಸುವುದು ಇದೇ ಕಾರಣಕ್ಕೆ.

ಎಂಟು ವಾರದ ಮರಿ ತಂದ ಮೇಲೆ ಅದರ ಜಾಗ ಮನೆಯ ಜಗುಲಿ ಅಲ್ಲ, ದಡ್ಡಿ. ದಡ್ಡಿಯ ಮೂಲೆಯಲ್ಲಿ ಕುರಿಗಳು ತುಳಿಯದಂತೆ ಒಂದು ಚಿಕ್ಕ ಅಡ್ಡಗಟ್ಟು ಮಾಡಿ, ಜೊತೆಗೆ ನಾಲ್ಕೈದು ಸಾಧು ಕುರಿಮರಿಗಳನ್ನು ಬಿಡಿ. ಊಟ ಅಲ್ಲೇ, ನಿದ್ದೆ ಅಲ್ಲೇ. ಕುರಿಯ ವಾಸನೆ ಅದರ ಮೈಗೆ ಹತ್ತಬೇಕು. ಮನೆಯ ಮಕ್ಕಳಿಗೆ ಎತ್ತಿ ಆಡಿಸಬೇಡಿ ಎಂದು ಹೇಳುವುದು ಕಠಿಣ, ಆದರೂ ಹೇಳಿ. ಹಾಗೆಂದು ಮುಟ್ಟದೇ ಬಿಡುವುದೂ ತಪ್ಪು. ದಿನಕ್ಕೆರಡು ಸಲ ನೀವೂ ನಿಮ್ಮ ತಂದೆಯವರೂ ಮೈ ಸವರಿ, ಕಿವಿ, ಬಾಯಿ, ಕಾಲಿನ ಸಂದು ನೋಡಿ, ಹಗ್ಗ ಹಾಕಿ ಹತ್ತು ಹೆಜ್ಜೆ ನಡೆಸಿ. ನಾಳೆ ಲಸಿಕೆ ಹಾಕುವಾಗ, ಗಾಯ ತೊಳೆಯುವಾಗ ಅದು ನಿಮಗೆ ಮೈ ಕೊಡಬೇಕಲ್ಲ.

ಮಾತು ಹೆಚ್ಚು ಕಲಿಸಬೇಕಿಲ್ಲ. ‘ಬಾ’, ‘ನಿಲ್ಲು’, ‘ಬ್ಯಾಡ’ ಈ ಮೂರು ಸಾಕು. ಪ್ರತಿ ಮಾತಿಗೂ ಒಂದೇ ದನಿ ಇರಲಿ, ನೀವೊಂದು ನಿಮ್ಮ ತಂದೆಯವರೊಂದು ಹೇಳುವುದು ಬೇಡ. ಉದ್ದ ಹಗ್ಗ ಕಟ್ಟಿ, ಹಿಂಡು ಮೇಯುವಾಗ ಪಕ್ಕದಲ್ಲಿ ಕೂರಿಸಿ. ಕುರಿ ಹತ್ತಿರ ಬಂದಾಗ ಅದು ಮುಖ ತಿರುಗಿಸಿದರೆ, ಸುಮ್ಮನೆ ಮಲಗಿದರೆ, ಆ ಕ್ಷಣವೇ ಮೆಲ್ಲಗೆ ಹೊಗಳಿ ಒಂದು ತುಂಡು ರೊಟ್ಟಿ ಕೊಡಿ. ಎದ್ದು ನುಗ್ಗಿದರೆ ‘ಬ್ಯಾಡ’ ಎಂದು ಹಗ್ಗ ಹಿಡಿಯಿರಿ, ಹೊಡೆಯಬೇಡಿ. ಕುರಿಯ ಪಕ್ಕದಲ್ಲಿ ಪೆಟ್ಟು ತಿಂದ ನಾಯಿಗೆ ಕುರಿಯೇ ಪೆಟ್ಟಿನ ಕಾರಣವಾಗಿ ಕಾಣುತ್ತದೆ.

ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ಕಾಲ ಕಷ್ಟದ್ದು, ಇಲ್ಲೇ ಹೆಚ್ಚಿನವರು ಕೈಚೆಲ್ಲುತ್ತಾರೆ. ಅಲ್ಲಿವರೆಗೆ ಸಾಧುವಾಗಿದ್ದ ಮರಿ ಇದ್ದಕ್ಕಿದ್ದಂತೆ ಕುರಿಮರಿಯ ಕಿವಿ ಕಚ್ಚುತ್ತದೆ, ಬಾಲ ಎಳೆಯುತ್ತದೆ. ಅದು ದುಷ್ಟತನವಲ್ಲ, ಆಟಕ್ಕೆ ಜೊತೆ ಇಲ್ಲದ ಹರೆಯ. ಆಗ ಅದನ್ನು ಮರಿಗಳಿಂದ ಬೇರ್ಪಡಿಸಿ, ಹಾಯಲು ಬರುವ ಬಲಿತ ಟಗರು, ಹೋತಗಳ ಜೊತೆ ಬಿಡಿ. ಅವು ಕಲಿಸುವ ಶಿಸ್ತು ನಮ್ಮಿಂದಾಗದು. ಓಡಿಸುವ ಚಟ ಬಿಡದಿದ್ದರೆ ಕೊರಳಪಟ್ಟಿಗೆ ಮೊಣಕಾಲಿಗೆ ತಾಗುವಷ್ಟು ಉದ್ದದ ಹಗುರ ಕಟ್ಟಿಗೆಯ ತುಂಡು ಇಳಿಬಿಟ್ಟು ಕೆಲವು ವಾರ ನೋಡಿ. ನಡೆಯಲು ಅಡ್ಡಿಯಿಲ್ಲ, ಓಡಿದರೆ ಕಾಲಿಗೆ ಬಡಿಯುತ್ತದೆ. ನೀವಿಲ್ಲದಾಗ ಮಾತ್ರ ಅದನ್ನು ಬಿಚ್ಚಿಡಿ, ಪೊದೆಗೆ ಸಿಕ್ಕಿಕೊಂಡೀತು. ನಾಯಿಯನ್ನು ನಂಬಿ ಹಿಂಡು ಬಿಡುವ ಹಂತ ಬರಲು ಎರಡು ವರ್ಷ ಬೇಕು.

ಆರೋಗ್ಯದ ವಿಷಯದಲ್ಲಿ ನಾನು ನಿಮ್ಮನ್ನು ಸ್ವಲ್ಪ ಹೆಚ್ಚೇ ಒತ್ತಾಯಿಸುತ್ತೇನೆ. ಕೆಲವು ಕುರಿಗಳು ತಲೆ ವಾಲಿಸಿಕೊಂಡು ಒಂದೇ ಕಡೆಗೆ ಗಿರ್ರನೆ ಸುತ್ತಿ ಸಾಯುವುದನ್ನು ನೀವು ಕಂಡಿರಬಹುದು. ಎಷ್ಟೋ ಸಲ ಅದರ ಮೂಲ ಹಟ್ಟಿಯ ನಾಯಿಯ ಹೊಟ್ಟೆಯಲ್ಲಿರುವ ಲಾಡಿಹುಳು. ನಾಯಿಯ ಮಲದ ಜೊತೆ ಬಿದ್ದ ಮೊಟ್ಟೆ ಹುಲ್ಲಿಗೆ ಅಂಟುತ್ತದೆ, ಕುರಿ ಆ ಹುಲ್ಲು ಮೇಯುತ್ತದೆ, ಮೆದುಳಿನಲ್ಲಿ ನೀರುಗುಳ್ಳೆ ಬೆಳೆಯುತ್ತದೆ. ಆ ಕುರಿ ಸತ್ತಾಗ ತಲೆಯನ್ನು ನಾಯಿಗೆ ಎಸೆದರೆ ಹುಳುವಿನ ಚಕ್ರ ಪೂರ್ತಿಯಾಗುತ್ತದೆ. ಇದರ ಇನ್ನೊಂದು ಜಾತಿಯ ಹುಳು ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲೂ ಗುಳ್ಳೆ ಮಾಡುತ್ತದೆ. ಆದ್ದರಿಂದ ಸತ್ತ ಕುರಿಯ ತಲೆ, ಯಕೃತ್ತು, ಶ್ವಾಸಕೋಶ ಯಾವುದನ್ನೂ ಹಸಿಯಾಗಿ ನಾಯಿಗೆ ಹಾಕಬೇಡಿ, ಆಳವಾಗಿ ಹೂಳಿ. ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆಯನ್ನು, ಪಶುವೈದ್ಯರು ತೂಕ ನೋಡಿ ಹೇಳಿದಷ್ಟು ಕೊಡಿ.

ಕುರಿಗೆ ತಂದ ಐವರ್ಮೆಕ್ಟಿನ್ ಔಷಧವನ್ನು ‘ಇದಕ್ಕೂ ಸ್ವಲ್ಪ ಇರಲಿ’ ಎಂದು ನಾಯಿಗೆ ಹಾಕುವ ರೂಢಿ ಇದೆ. ಅದು ಬೇಡ. ಕಾಲಿ ವಂಶದ ಅನೇಕ ನಾಯಿಗಳ ಮೆದುಳಿಗೆ ಆ ಔಷಧ ವಿಷವಾಗುತ್ತದೆ, ಊರನಾಯಿಯಲ್ಲೂ ಕುರಿಯ ಪ್ರಮಾಣ ಅಪಾಯವೇ. ಎಂಟು ವಾರದ ಹೊತ್ತಿಗೆ ಪಾರ್ವೊ, ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷ ವರ್ಷ ತಪ್ಪದೆ ಹಾಕಿಸಿ. ಊಟಕ್ಕೆ ಜೋಳದ ರೊಟ್ಟಿ, ಮಜ್ಜಿಗೆ ಎಲ್ಲರ ಹಟ್ಟಿಯಲ್ಲೂ ಇದೆ, ಒಳ್ಳೆಯದೇ. ಆದರೆ ಬೆಳೆಯುವ ಮರಿಗೆ ಅಷ್ಟು ಸಾಲದು. ಹಾಲು, ಬೇಯಿಸಿದ ಮೊಟ್ಟೆ ಅಥವಾ ಬೇಯಿಸಿದ ಮಾಂಸ ಸೇರಿಸಿ.

ತೋಳದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಚಿಂಚೋಳಿಯ ವನ್ಯಜೀವಿಧಾಮ ಸುಮಾರು 134 ಚದರ ಕಿಲೋಮೀಟರಿನದು, ಅಲ್ಲಿ ತೋಳ, ಕತ್ತೆಕಿರುಬ ಇವೆ. ತೋಳ ಕಾಡಿನ ಪ್ರಾಣಿಯಷ್ಟೇ ಅಲ್ಲ, ನಮ್ಮ ಎರೆಬಯಲು, ಕುರುಚಲು ಪ್ರದೇಶಗಳಲ್ಲೂ ಓಡಾಡುತ್ತದೆ. ಕಾಯುವ ನಾಯಿ ಅದನ್ನು ಕೊಲ್ಲುವುದಿಲ್ಲ, ಕೊಲ್ಲಬೇಕಾಗಿಯೂ ಇಲ್ಲ. ಬೊಗಳಿ, ನಡುವೆ ನಿಂತು, ಈ ಊಟ ದುಬಾರಿ ಎಂದು ತೋಳಕ್ಕೆ ತಿಳಿಸಿದರೆ ಅದು ಬೇರೆ ಕಡೆ ಹೋಗುತ್ತದೆ. ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುವುದು, ತೋಳ ಮೊದಲು ಬಾಯಿ ಹಾಕುವುದು ಕೊರಳಿಗೆ ಎಂಬ ಕಾರಣಕ್ಕೇ. ಅರವತ್ತು ಕುರಿಗೆ ಎರಡು ನಾಯಿ ಇದ್ದರೆ ಒಳ್ಳೆಯದು, ಒಂಟಿ ನಾಯಿಯನ್ನು ತೋಳಗಳೇ ಸುತ್ತುಗಟ್ಟುತ್ತವೆ. ಸತ್ತ ಕುರಿಗೆ ವಿಷ ಸವರಿ ಇಡುವುದನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ತೋಳಕ್ಕೆ ಕಾನೂನಿನ ರಕ್ಷಣೆ ಇದೆ. ಮೇಲಾಗಿ ಆ ವಿಷ ಮೊದಲು ತಿನ್ನುವುದು ನಿಮ್ಮ ನಾಯಿಯೇ.

ಕೊನೆಗೆ ನಿಮ್ಮ ಮನೆಯ ಎರಡು ವರ್ಷದ ನಾಯಿ. ಕುರಿ ಬೆನ್ನಟ್ಟುವುದನ್ನು ನೋಡಿ ‘ಇದರಲ್ಲಿ ಅಟ್ಟುವ ಗುಣ ಇದೆ’ ಎಂದು ಅನ್ನಿಸುವುದು ಸಹಜ, ಆದರೆ ಅದು ಅಲ್ಲ. ಅಟ್ಟುವ ನಾಯಿ ಕುರಿಗಳನ್ನು ಒಟ್ಟುಗೂಡಿಸುತ್ತ ನಿಮ್ಮ ಕಡೆ ತರುತ್ತದೆ. ಇದು ಗುಂಪು ಚದುರಿಸುತ್ತ ನಿಮ್ಮಿಂದ ದೂರ ಓಡಿಸುತ್ತದೆ. 16 ವಾರದ ಬಾಗಿಲು ಇದಕ್ಕೆ ಎಂದೋ ಮುಚ್ಚಿದೆ. ಅದನ್ನು ದಡ್ಡಿಗೆ ಬಿಡಬೇಡಿ, ಹೊಡೆದು ತಿದ್ದಲೂ ಹೋಗಬೇಡಿ. ಮನೆ, ಕಣ, ಮೇವಿನ ಬಣವೆ ಕಾಯಲು ಅದು ಒಳ್ಳೆಯ ನಾಯಿಯೇ. ಹಗಲು ಕಟ್ಟಿ, ಕುರಿ ದಡ್ಡಿ ಸೇರಿದ ಮೇಲೆ ಅಂಗಳದಲ್ಲಿ ಬಿಡಿ. ಹೊಸ ಕುನ್ನಿ ಬಂದಾಗ ಎರಡನ್ನೂ ಮೊದಲ ನಾಲ್ಕು ತಿಂಗಳು ಸೇರಿಸಬೇಡಿ. ದೊಡ್ಡದರ ಜೊತೆ ಆಡಿದ ಮರಿ ಮೊದಲು ಕಲಿಯುವುದು ಕುರಿ ಬೆನ್ನಟ್ಟುವುದನ್ನೇ. ಕುನ್ನಿ ತರುವ ಮುಂಚೆ ಅದರ ತಾಯಿ ಕುರಿಗಳ ನಡುವೆ ಹೇಗೆ ಮಲಗುತ್ತದೆ ಎಂದು ಒಂದು ಸಂಜೆ ಕೂತು ನೋಡಿ ಬನ್ನಿ. ಈದ ಕುರಿ ಹತ್ತಿರವಿದ್ದಾಗ ನೋಡಿದರೆ ಇನ್ನೂ ಒಳ್ಳೆಯದು.